ಅಟ್ಟ ನೋಡುತ್ತಿದ್ದ ಮುಖ್ಯಸೇವಿಕೆ

ಮೊನ್ನೆ ಪುತ್ತೂರು ಸಂತೆಯಲ್ಲಿ ಒಬ್ಬ ಅಜ್ಜಿಯಿಂದ ಅಲಸಂಡೆ ಬೀಜ ಕೊಂಡೆ. ಮನೆಗೆ ಬಂದು ಪೊಟ್ಟಣ ಬಿಚ್ಚಿದರೆ ಗಮ್ಮೆಂದು ಹೊಗೆಯ ವಾಸನೆ. ಅಡುಗೆಮನೆಯ ಅಟ್ಟದಲ್ಲಿಟ್ಟ ಬೀಜ. ಈಗಲೂ ಹೀಗೆ ಇಡುವವರಿದ್ದಾರಲ್ಲ ಎಂದು ಖುಷಿಪಡುವುದು ಬಿಟ್ಟು ಪೊಟ್ಟಣವನ್ನು ಮತ್ತೆ ಮಡಚಿಟ್ಟೆ. ನಮ್ಮ ಮುಖ್ಯಸೇವಿಕೆ ನೆನಪಾದರು…

ಐವತ್ತರ ದಶಕದ ಕೊನೆಯ ಮಾತು. ನಾನು ಪುತ್ತೂರು ಬ್ಲಾಕಿನಲ್ಲಿ ಹೊಸ ಗ್ರಾಮಸೇವಿಕೆ. ಮನೆಮನೆಗೆ ಹೋಗಿ ಹೊಗೆಯಿಲ್ಲದ ಒಲೆ ಕಟ್ಟಿಸುವುದು ನನ್ನ ಕೆಲಸ. ಮಣ್ಣಿನ ಒಲೆ, ಹಿಂದೊಂದು ಕೊಳವೆ, ಹೊಗೆಯೆಲ್ಲ ಮನೆಯ ಮಾಡಿನಿಂದಾಚೆ. ತಿಂಗಳ ಕೊನೆಗೆ ಫಾರಂ ತುಂಬಬೇಕು. ಕಟ್ಟಿದ ಒಲೆ ಎಷ್ಟು, ಬಳಕೆಯಲ್ಲಿರುವುದು ಎಷ್ಟು? ನಾನು ಎರಡೂ ಕಡೆ ಒಂದೇ ಅಂಕೆ ಬರೆದು ಬಿಡುತ್ತಿದ್ದೆ. ಮೇಲಿನವರು ನೋಡಲು ಬರುವುದಿದ್ದರೆ ಹಿಂದಿನ ದಿನವೇ ಮನೆಗಳಿಗೆ ಸುದ್ದಿ ಮುಟ್ಟಿಸುತ್ತಿದ್ದೆ. ಅವರು ಬರುವ ಹೊತ್ತಿಗೆ ಒಲೆಯಲ್ಲಿ ಬೆಂಕಿ, ಒಲೆಯ ಮುಂದೆ ರಂಗೋಲಿ. ಎಲ್ಲರಿಗೂ ಸಂತೋಷ.

ಮುಖ್ಯಸೇವಿಕೆ ಎಂದರೆ ನನ್ನಂಥ ಗ್ರಾಮಸೇವಿಕೆಯರ ಮೇಲಿನವರು. ಸುಳ್ಯದ ಕಡೆಯ ಅರೆಭಾಷೆ ಆಡುವ ಮನೆಯವರು, ದಪ್ಪ ಶರೀರ, ನಿಧಾನ ನಡಿಗೆ. ವರ್ಗವಾಗಿ ಬಂದ ಹೊಸತರಲ್ಲೇ ಒಂದು ಬೆಳಿಗ್ಗೆ, ಹೇಳದೆ ಕೇಳದೆ, ಕೆದಂಬಾಡಿಗೆ ಹೋಗುವ ಎಂದರು. ಮನೆಗಳಿಗೆ ಸುದ್ದಿ ಮುಟ್ಟಿಸಲು ಹೊತ್ತಿರಲಿಲ್ಲ. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆ ತಿಂಗಳ ವರದಿ ನೋಡಿದ ಮೇಲೆಯೇ ಖಾಯಂ ಮಾಡುವುದಿತ್ತು. ಅಪ್ಪ ತೀರಿಹೋಗಿದ್ದರು. ಅಮ್ಮ, ಇಬ್ಬರು ತಂಗಿಯರು ನನ್ನ ಕೆಲಸವನ್ನೇ ನಂಬಿಕೊಂಡಿದ್ದರು.

ಮೊದಲ ಮನೆಯಲ್ಲಿ ಅವರು ಕುಡಿಯಲು ನೀರು ಕೇಳಿ, ನೀರಿನ ಹಿಂದೆಯೇ ಅಡುಗೆಮನೆಗೆ ನುಗ್ಗಿದರು. ಒಲೆಯ ಕಡೆ ತಿರುಗಿಯೂ ನೋಡಲಿಲ್ಲ. ತಲೆಯೆತ್ತಿ ಅಟ್ಟ ನೋಡಿದರು. ಸ್ಟೂಲು ಹತ್ತಿ ಅಟ್ಟದ ಬಿದಿರಿಗೆ ಬೆರಳು ಒರೆಸಿ ನನ್ನ ಮುಂದೆ ಹಿಡಿದರು. ಹಸಿ ಮಸಿ. ಕೊಳವೆಯೊಳಗೆ ಕೈ ಹಾಕಿದರೆ ತೆಂಗಿನ ಸಿಪ್ಪೆ ತುರುಕಿತ್ತು! ಒಲೆ ಉರಿಯುತ್ತಿತ್ತು, ಹೊಗೆ ಮಾತ್ರ ಹಳೆಯ ದಾರಿಯಲ್ಲೇ ಹೋಗುತ್ತಿತ್ತು.

ನಾನಾಗಿದ್ದರೆ ಮನೆಯಾಕೆಗೆ ಎರಡು ಮಾತು ಬೈದು ಹೊರಟುಬಿಡುತ್ತಿದ್ದೆ. ಇವರು ನೆಲದ ಮೇಲೆ ಕೂತು ಎಲೆ ಅಡಿಕೆ ಕೇಳಿದರು, ಎಂತಕ್ಕೆ ಹೀಗೆ ಎಂದು ವಿಚಾರಿಸಿದರು. ಆಕೆ ನನ್ನ ಮುಖ ನೋಡಿ, ಹೆದರಿ, ಆಮೇಲೆ ಹೇಳಿದಳು:

“ಒಲೆ ಒಳ್ಳೇದೇ ಅಕ್ಕ, ಕಣ್ಣು ಉರಿಯುದಿಲ್ಲ. ಆದ್ರೆ ಅಟ್ಟಕ್ಕೆ ಹೊಗೆ ಬೇಡ್ವಾ? ಹೋದ ವರ್ಷ ನನ್ನ ಬೀಜ ಪೂರಾ ಹುಳ ತಿಂದು ಹೋಯ್ತು. ಅಲಸಂಡೆ, ಮುಳ್ಳುಸೌತೆ ಎಂತದೂ ಹಾಕ್ಲಿಕ್ಕೆ ಆಗ್ಲಿಲ್ಲ. ಇವರು ಕೇಳಿದ್ದು ಒಲೆ ಉಂಟಾ ಅಂತ. ಉಂಟು ಅಂದೆ.”

ಹೌದು, ನಾನು ಕೇಳಿದ್ದು ಅಷ್ಟೇ. ಎರಡು ವರ್ಷ ಆ ಮನೆಯ ಮೆಟ್ಟಿಲು ಹತ್ತಿ ಇಳಿದಿದ್ದೆ, ಆಕೆಯ ಬೀಜ ಹೋದದ್ದು ನನಗೆ ಗೊತ್ತೇ ಇರಲಿಲ್ಲ.

ಸಂಜೆಯೊಳಗೆ ಹದಿನಾಲ್ಕು ಮನೆ ತಿರುಗಿದೆವು. ಹನ್ನೊಂದರಲ್ಲಿ ಸಿಪ್ಪೆ. ದಾರಿಯ ಕಟ್ಟೆಯೊಂದರ ಮೇಲೆ ಕೂತು ಅವರು ನನ್ನ ಫಾರಂ ಬಿಡಿಸಿ, ಪೆನ್ಸಿಲಿನಿಂದ ಅಂಚಿಗೆ ಹೊಸದೊಂದು ಗೆರೆ ಎಳೆದು, ಮೇಲೆ ‘ಯಾಕೆ ಬಳಸುವುದಿಲ್ಲ’ ಎಂದು ಬರೆದರು. ನಾನು ಅತ್ತೆ. ನಾಚಿಕೆ ಬಿಟ್ಟು ಕಾಲು ಹಿಡಿಯುವುದೊಂದು ಬಾಕಿ. ಈ ತಿಂಗಳು ಒಂದು ಬಿಟ್ಟುಬಿಡಿ, ಖಾಯಂ ಆದ ಮೇಲೆ ನಾನೇ ಎಲ್ಲ ಸರಿಮಾಡುತ್ತೇನೆ ಎಂದೆ.

“ಖಾಯಂ ಆದ ಮೇಲೆ ಯಾರೂ ಸರಿ ಮಾಡುದಿಲ್ಲ ಮಾರಾಯ್ತಿ” ಎಂದರು. ಬೈಗುಳದ ಧ್ವನಿಯಲ್ಲ.

ವರದಿ ಇದ್ದದ್ದು ಇದ್ದ ಹಾಗೇ ಹೋಯಿತು. ಕೊನೆಯಲ್ಲಿ ಅವರ ಕೈಬರಹದಲ್ಲಿ ಎರಡು ಸಾಲು: ಮೇಲ್ವಿಚಾರಣೆಯ ತಪ್ಪು ನನ್ನದು, ಗ್ರಾಮಸೇವಿಕೆ ನನ್ನ ಸೂಚನೆಯಂತೆ ನಡೆದಿದ್ದಾಳೆ. ಅಪ್ಪಟ ಸುಳ್ಳು! ಅವರು ಬಂದು ತಿಂಗಳೂ ಆಗಿರಲಿಲ್ಲ. ನಾನು ಅವರಿಂದ ಕಂಡ ಸುಳ್ಳು ಅದೊಂದೇ. ನನಗೆ ಖಾಯಂ ಆಯಿತು. ಅವರನ್ನು ಘಟ್ಟದ ಮೇಲೆ ಎಲ್ಲಿಗೋ ಎತ್ತಿಹಾಕಿದರು. ಹೊಸ ಫಾರಮಿನ ಕಟ್ಟು ಬಂತು, ಅದರಲ್ಲಿ ಹಳೆಯ ಎರಡೇ ಪ್ರಶ್ನೆ. ಬಸ್ಸಿನವರೆಗೂ ಹೋಗಿ ಅವರನ್ನು ಬೀಳ್ಕೊಟ್ಟೆ.

ಕೆಲವು ವರ್ಷಗಳ ನಂತರ ಅವರದೇ ಕುರ್ಚಿಯಲ್ಲಿ ಮುಖ್ಯಸೇವಿಕೆಯಾಗಿ ನಾನು ಕೂತೆ. ಆಗ ಪಾಯಿಖಾನೆಯ ಯೋಜನೆ. ನರಿಮೊಗರಿನ ಒಂದು ಮನೆಯ ಹಿಂದೆ ಹೊಸ ಪಾಯಿಖಾನೆ, ಬಾಗಿಲಿನ ಚಿಲಕದ ಮೇಲೆ ಬಳ್ಳಿ ಹಬ್ಬಿ ಹೂಬಿಟ್ಟಿದೆ. ‘ಎಲ್ಲರೂ ಬಳಸುತ್ತಾರೆ’ ಎಂದಳು ಹೊಸ ಗ್ರಾಮಸೇವಿಕೆ, ಕಣ್ಣು ನೆಲಕ್ಕೆ ಹಾಕಿ. ಊಟದ ಹೊತ್ತಾಗಿತ್ತು. ಇನ್ನೂ ಆರು ಮನೆ ಬಾಕಿಯಿತ್ತು. ಆ ಹುಡುಗಿಯ ಮೇಲೆ ಕನಿಕರ ಎಂದು ನನಗೆ ನಾನೇ ಹೇಳಿಕೊಂಡೆ. ಬಳ್ಳಿ ನೋಡಿದೆ, ಸಹಿ ಹಾಕಿದೆ. ಆಮೇಲೆ ಹಾಕುತ್ತಲೇ ಹೋದೆ.

ನಮ್ಮ ಮುಖ್ಯಸೇವಿಕೆ ತೀರಿಹೋದ ಸುದ್ದಿ ನನಗೆ ಬಹಳ ತಡವಾಗಿ, ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ ಸಿಕ್ಕಿತು. ಸುಳ್ಯದ ಅವರ ಅಣ್ಣನ ಸೊಸೆ ಪಕ್ಕದಲ್ಲಿ ಕೂತಿದ್ದಳು. ಕಡೆಗಾಲದಲ್ಲಿ ಅವರು ಪುತ್ತೂರಿನ ಹುಡುಗಿಯೊಬ್ಬಳ ಮಾತೇ ಆಡುತ್ತಿದ್ದರಂತೆ. ನಾನು ಹೋದರೇನು, ಅಲ್ಲಿ ಅವಳಿದ್ದಾಳೆ, ಅವಳು ನೋಡಿಯೇ ಬರೆಯುತ್ತಾಳೆ ಎನ್ನುತ್ತಿದ್ದರಂತೆ. ಆ ಹುಡುಗಿ ಯಾರು ಗೊತ್ತುಂಟಾ ಎಂದು ಆಕೆ ನನ್ನನ್ನೇ ಕೇಳಿದಳು.

ಗೊತ್ತಿಲ್ಲ ಎಂದೆ.