ಎಂಜಿನಿಯರನ ಕೆಂಪು ಬುಷ್ಷುಗಳು

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇರಬಹುದು. ಆದರೆ ಅದು ಹೆಗ್ಗಣವೇ ಅಂತ ಹೆತ್ತವಳಿಗೆ ಗೊತ್ತಿರುವಷ್ಟು ಚೆನ್ನಾಗಿ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಆ ಅಧಿಕಾರದ ಮೇಲೆಯೇ ನನ್ನ ಮಗನ ಬಗ್ಗೆ ಬರೆಯಲು ಕೂತಿದ್ದೇನೆ.

ಬೀದಿಯವರೆಲ್ಲ ಅವನನ್ನು ಎಂಜಿನಿಯರ್ ಅಂತ ಕರೆಯುತ್ತಾರೆ. ಅವನು ಓದಿದ್ದು ಎಂಜಿನಿಯರಿಂಗ್ ಅಲ್ಲ, ಕೆಲಸ ಮಾಡುವುದು ಬಚ್ಚಲುಮನೆಯ ಟೈಲ್ಸ್ ಮಾರುವ ಅಂಗಡಿಯಲ್ಲಿ. ಜನ ನಗುವುದಕ್ಕೆ ಇಟ್ಟ ಹೆಸರನ್ನು ಇವನು ಬಿರುದು ಅಂದುಕೊಂಡು ಹೊತ್ತು ತಿರುಗುತ್ತಿದ್ದಾನೆ. ನಾನು ಬಟ್ಟೆ ಹೊಲಿದು ಸಂಸಾರ ಸಾಕಿದವಳು. ಅಮ್ಮನಿಗೆ ಕಾಲು ನೋವಾಗುತ್ತದೆ ಅಂತ ಒಮ್ಮೆ ನನ್ನ ಹೊಲಿಗೆ ಮಿಷನ್ನಿಗೆ ಯಾವುದೋ ಗಿರಣಿಯ ಮೋಟಾರು ತಂದು ಕೂರಿಸಿದ. ಕಾಲು ಇಟ್ಟೆನೋ ಇಲ್ಲವೋ, ಅಂಗಿಯ ತೋಳಿನ ಜೊತೆ ನನ್ನ ಬೆರಳೂ ಹೊಲಿಗೆಗೆ ಸಿಕ್ಕಿತು. ಬಾಗಿಲು ತಾನಾಗಿ ಮುಚ್ಚಿಕೊಳ್ಳಲಿ ಅಂತ ಒಂದು ಸ್ಪ್ರಿಂಗ್ ಹಾಕಿದ. ಅದು ನನ್ನ ಅಣ್ಣನ ಬೆನ್ನಿಗೆ ಕೊಟ್ಟ ಏಟಿಗೆ ಅವನು ಆಮೇಲೆ ಕಿಟಕಿಯಲ್ಲೇ ಮಾತಾಡಿಸಿ ಹೋಗುತ್ತಿದ್ದ. ಇವನ ತಲೆಯಲ್ಲಿ ಇರುವುದು ಒಂದೇ: ಯಾವುದೇ ಆಗಲಿ, ಗಟ್ಟಿಯಾದಷ್ಟೂ ಒಳ್ಳೆಯದು. ಮೆತ್ತಗಿರುವುದೆಲ್ಲ ಅಜ್ಜನ ಕಾಲದ್ದು.

ಇಂಥವನಿಗೆ ಸಿಕ್ಕ ಹೆಂಡತಿ ಕೇಕ್ ಮಾಡುವವಳು. ದೇವರಿಗೂ ಹಾಸ್ಯಪ್ರಜ್ಞೆ ಇದೆ.

ನನ್ನ ಸೊಸೆ ಮೊದಲು ಒಂದು ಬೇಕರಿಯ ಗಲ್ಲಾದ ಹಿಂದೆ ನಿಲ್ಲುತ್ತಿದ್ದಳು. ಆ ಬೇಕರಿ ಮುಚ್ಚಿದಾಗ ಮೂಲೆ ಹಿಡಿದು ಅಳಲಿಲ್ಲ, ಮಾಲೀಕರಿಂದ ಹಳೆಯ ಓವನ್ ಕೇಳಿ ತಂದು ನಮ್ಮ ಅಡುಗೆಮನೆಯಲ್ಲಿ ಇಟ್ಟಳು. ಮೊದಮೊದಲು ಕೇಕಿನ ಡಬ್ಬಿಯನ್ನು ಎದೆಗೆ ಅವಚಿಕೊಂಡು ನಡೆದೇ ಹೋಗಿ ಕೊಟ್ಟು ಬರುತ್ತಿದ್ದಳು. ಆಮೇಲೆ ಆ ದುಡಿಮೆಯಲ್ಲೇ ಒಂದು ಹಳೇ ಕಾರು ತೆಗೆದುಕೊಂಡಳು, ಓಡಿಸುವುದನ್ನೂ ಕಲಿತಳು. ಕಾರು ಅವಳದು, ಆದರೆ ಕೀ ಇರುತ್ತಿದ್ದುದು ಇವನ ಅಂಗಿಯ ಜೇಬಿನಲ್ಲಿ. "ನಿನಗೆ ಗಾಡಿ ಸೂಕ್ಷ್ಮ ಗೊತ್ತಾಗಲ್ಲ" ಅನ್ನುತ್ತಿದ್ದ. ಸಕ್ಕರೆಯಲ್ಲಿ ಗುಲಾಬಿಯ ಎಸಳು ಬಿಡಿಸುವವಳಿಗೆ ಸೂಕ್ಷ್ಮ ಗೊತ್ತಾಗುವುದಿಲ್ಲವಂತೆ!

ಹೀಗಿರುವಾಗ ಪೇಟೆಯ ದೊಡ್ಡ ಹೋಟೆಲಿನ ಮ್ಯಾನೇಜರ್ ಅವಳಿಗೆ ಫೋನ್ ಮಾಡಿದರು. ಭಾನುವಾರ ಹೋಟೆಲಿನ ವಾರ್ಷಿಕೋತ್ಸವ, ನಾಲ್ಕು ಅಂತಸ್ತಿನ ಕೇಕ್ ಬೇಕು. ಅದು ನೆಟ್ಟಗೆ ಬಂದು ತಲುಪಿದರೆ ಇನ್ನು ಮುಂದೆ ಹೋಟೆಲಿನ ಕೇಕ್ ಎಲ್ಲಾ ಅವಳದೇ. ತಲುಪದಿದ್ದರೆ ಬೇರೆಯವರು ಕಾಯುತ್ತಿದ್ದಾರೆ. ಸೊಸೆ ಫೋನ್ ಇಟ್ಟು ನನ್ನ ಕೈ ಹಿಡಿದುಕೊಂಡಳು. "ಅತ್ತೆ, ಇದೊಂದು ಆದ್ರೆ ನಾವು ಗೆದ್ದ ಹಾಗೆ" ಅಂದಳು.

ಆಗಲೇ ಕಾರು ಹಳ್ಳ ದಿಣ್ಣೆ ಬಂದಾಗಲೆಲ್ಲ ಟಕ್ ಟಕ್ ಅನ್ನುತ್ತಿತ್ತು. ಮೂಲೆಯ ಗ್ಯಾರೇಜಿನ ಮೆಕ್ಯಾನಿಕ್ ಬಗ್ಗಿ ನೋಡಿ, ಬುಷ್ ಹೋಗಿದೆ ಅಂದ. ಚಕ್ರವನ್ನು ಹಿಡಿದಿರುವ ಕಬ್ಬಿಣದ ತೋಳು ಕಾರಿನ ಮೈಗೆ ಸೇರುವ ಕಡೆಯಲ್ಲೆಲ್ಲ ಒಂದೊಂದು ರಬ್ಬರಿನ ಬುಷ್ ಇರುತ್ತದಂತೆ. ಕಬ್ಬಿಣಕ್ಕೆ ಕಬ್ಬಿಣ ಬಡಿಯದ ಹಾಗೆ, ರಸ್ತೆಯ ಪೆಟ್ಟು ಒಳಗೆ ಕೂತವರಿಗೆ ತಗಲದ ಹಾಗೆ ಅದು ತಡೆಯುತ್ತದಂತೆ. ನಮ್ಮ ಕಾರಿನ ರಬ್ಬರು ಸೀಳಿ ಚೂರಾಗಿತ್ತು. "ಅದೇ ಥರದ್ದು ಹೊಸದು ಹಾಕ್ಬಿಡ್ತೀನಿ, ಸಂಜೆ ಒಳಗೆ ಮುಗಿಯತ್ತೆ" ಅಂತ ಮೆಕ್ಯಾನಿಕ್ ಹೇಳಿದ.

ಅಷ್ಟು ಸುಲಭವಾಗಿ ಮುಗಿದರೆ ನನ್ನ ಮಗನಿಗೆ ಮರ್ಯಾದೆ ಎಲ್ಲಿ ಉಳಿಯಿತು? "ರಬ್ಬರಾ? ಈಗಿನ ಕಾಲದಲ್ಲಿ ಯಾರು ರಬ್ಬರ್ ಹಾಕ್ತಾರೆ? ಪಾಲಿಯೂರಿಥೇನ್ ಹಾಕಬೇಕು, ಗಟ್ಟಿ ಪ್ಲಾಸ್ಟಿಕ್ಕು. ರೇಸ್ ಕಾರಿಗೆ ಅದನ್ನೇ ಹಾಕೋದು" ಅಂದ.

"ನಾವು ರೇಸಿಗೆ ಹೋಗ್ತಿಲ್ಲವಲ್ಲೋ" ಅಂದೆ.

"ಅಮ್ಮಾ, ನಿನಗೆ ಇದೆಲ್ಲ ಅರ್ಥ ಆಗಲ್ಲ. ಸುಮ್ನೆ ಇರು."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅಂಗಡಿಯಲ್ಲಿ ಗಿರಾಕಿಗಳನ್ನು ಕಾಯಿಸಿ ಫೋನಿನಲ್ಲಿ ಹುಡುಕಿ, ಇದ್ದುದರಲ್ಲೇ ಅತಿ ಗಟ್ಟಿಯಾದ ಕೆಂಪು ಬುಷ್ಷುಗಳನ್ನು ತರಿಸಿದ. ಬಂದ ದಿನ ಅವನ್ನು ಊಟದ ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಮಕ್ಕಳ ಫೋಟೋ ತೆಗೆಯುವ ಹಾಗೆ ಎಲ್ಲ ಕಡೆಯಿಂದಲೂ ಫೋಟೋ ತೆಗೆದ. ಉಗುರಿನಿಂದ ಒತ್ತಿ ನೋಡಿದೆ. ಉಗುರು ನೊಂದಿತು, ಬುಷ್ಷಿಗೆ ಏನೂ ಆಗಲಿಲ್ಲ. ಅವನಿಗೆ ಅದರಿಂದ ಇನ್ನಷ್ಟು ಸಂತೋಷವಾಯಿತು.

ಆಮೇಲೆ ಅಂಗಳದಲ್ಲಿ ಯಜ್ಞ ಶುರುವಾಯಿತು. ಕಾರನ್ನು ಇಟ್ಟಿಗೆಗಳ ಮೇಲೆ ಏರಿಸಿ, ಕಬ್ಬಿಣದ ತೋಳುಗಳನ್ನು ಬಿಚ್ಚಿ, ಅಂಟಿಕೊಂಡ ಹಳೇ ರಬ್ಬರನ್ನು ಬೆಂಕಿ ಉಗುಳುವ ಗ್ಯಾಸ್ ಕೊಳವೆ ಹಿಡಿದು ಸುಟ್ಟ. ಎದ್ದ ಹೊಗೆಗೆ ಮೇಲಿನ ಮನೆಯವರ ಒಣಗಿದ ಬಟ್ಟೆಯೆಲ್ಲ ಕರ್ರಗಾಯಿತು. ಅವರು ಕೂಗಾಡಿದರೆ, ನಿಮ್ಮ ತಂತಿಯನ್ನು ತಪ್ಪು ಜಾಗದಲ್ಲಿ ಕಟ್ಟಿದ್ದೀರಿ ಅಂತ ಇವನೇ ಅವರಿಗೆ ಬುದ್ಧಿ ಹೇಳಿದ. ಹೊಸದನ್ನು ಒಳಗೆ ಒತ್ತಲು ಕೊಳವೆಯ ತುಂಡು ಬೇಕಾಯಿತು. ಹುಡುಕುವ ಗೋಜಿಗೆ ಹೋಗದೆ, ಸೊಸೆಯ ಸಣ್ಣ ಕೇಕ್ ಅಚ್ಚನ್ನೇ ತಂದಿಟ್ಟು ಬೋಲ್ಟ್ ಬಿಗಿದ. ಅದು ಸೊಟ್ಟಗಾಗಿ ಮೊಟ್ಟೆಯ ಆಕಾರಕ್ಕೆ ಬಂತು. ಸೊಸೆ ಅದನ್ನು ಎತ್ತಿ ನೋಡಿದಳು, ತೊಳೆದಳು, ಕಸದ ಬುಟ್ಟಿಗೆ ಹಾಕಿದಳು. ನನಗೆ ಹೊಟ್ಟೆ ಉರಿದುಹೋಯಿತು.

ಬುಷ್ಷಿನ ಜೊತೆ ಗ್ರೀಸಿನ ಪುಟ್ಟ ಪೊಟ್ಟಣಗಳೂ ಬಂದಿದ್ದವು, ಒಳಗೆ ಸವರಿಯೇ ಕೂರಿಸಬೇಕು ಅಂತ ಚಿತ್ರವೂ ಇತ್ತು. ಇವನು, "ಗ್ರೀಸ್ ಹಾಕಿದ್ರೆ ಧೂಳು ಹಿಡಿಯತ್ತೆ" ಅಂತ ಅದನ್ನೆಲ್ಲ ಗೇಟಿನ ತಿರುಗಣಿಗೆ ಬಳಿದ. ಹಾಗಾಗಿ ಇಷ್ಟು ವರ್ಷ ಕಿರುಗುಟ್ಟುತ್ತಿದ್ದ ಗೇಟು ಸುಮ್ಮನಾಯಿತು, ಕಾರು ಕಿರುಗುಟ್ಟಲು ಶುರುಮಾಡಿತು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ. ಎಂಜಿನಿಯರ್ ಮನೆಯಿಂದ ಹೊರಟ ಅಂತ ಬೀದಿಯ ಆ ತುದಿಯಲ್ಲಿದ್ದವರಿಗೂ ಗೊತ್ತಾಗುತ್ತಿತ್ತು.

ಆ ಕಿರುಗುಟ್ಟುವಿಕೆಯಾದರೂ ಕಿವಿಗಷ್ಟೇ. ಕಾರಿನ ಒಳಗೆ ಕೂತರೆ ರಸ್ತೆಯ ಒಂದೊಂದು ಕಲ್ಲೂ ಹಲ್ಲಿಗೆ ಬಂದು ಬಡಿಯುತ್ತಿತ್ತು. ಶುಕ್ರವಾರ ಯಾರದೋ ಹುಟ್ಟುಹಬ್ಬಕ್ಕೆ ಎರಡು ಅಂತಸ್ತಿನ ಕೇಕ್ ಕೊಂಡುಹೋದರು. ಅಲ್ಲಿ ಡಬ್ಬಿ ತೆಗೆದರೆ ಮೇಲಿನ ಅಂತಸ್ತು ಕೆಳಗಿನದರ ಭುಜದ ಮೇಲೆ ಮಲಗಿತ್ತು, ಕ್ರೀಮು ಸೀಳಿತ್ತು. ಸೊಸೆ ಆ ಮನೆಯವರ ಅಡುಗೆಮನೆಯಲ್ಲೇ ನಿಂತು ಚಾಕು ಹಿಡಿದು ಸರಿಮಾಡಿ, ಕ್ಷಮೆ ಕೇಳಿ ಬಂದಳು.

"ಬುಷ್ಷಿಂದ ಹೀಗಾಯ್ತು ಕಣೋ" ಅಂದೆ.

"ಬುಷ್ ಪರ್ಫೆಕ್ಟಾಗಿದೆ. ಇವಳ ಕೇಕಲ್ಲೇ ಬಲ ಇಲ್ಲ" ಅಂದ. ಹೆಂಡತಿಯ ಕಡೆ ತಿರುಗಿ, "ಸ್ವಲ್ಪ ಮೈದಾ ಜಾಸ್ತಿ ಹಾಕಿ ಗಟ್ಟಿಯಾಗಿ ಮಾಡೋಕಾಗಲ್ವಾ?" ಅಂತ ಕೇಳಿದ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಮಹಾನುಭಾವ ಕಾರಿಗೆ ತಕ್ಕ ಹಾಗೆ ಕೇಕನ್ನು ಇಟ್ಟಿಗೆ ಮಾಡಲು ಹೊರಟಿದ್ದ. ಮೆಕ್ಯಾನಿಕ್ಕಿನ ಹತ್ತಿರ ಹೋಗೋಣ ಅಂದರೆ, ತನ್ನ ಕೆಲಸವನ್ನು ಇನ್ನೊಬ್ಬ ಬಿಚ್ಚುವುದಕ್ಕೆ ಬಿಡುವುದಿಲ್ಲ ಅಂತ ಕೀಯನ್ನು ಜೇಬಿನೊಳಗೆ ಇನ್ನೂ ಆಳಕ್ಕೆ ತುರುಕಿಕೊಂಡ.

ಭಾನುವಾರ ಬಂತು. ನಾಲ್ಕು ಅಂತಸ್ತಿನ ಕೇಕ್ ಮೇಜಿನ ಮೇಲೆ ನಿಂತಿತ್ತು, ತಿಳಿ ಹಳದಿ ಬಣ್ಣ, ಸುತ್ತ ಬಳ್ಳಿ, ನೆತ್ತಿಯಲ್ಲಿ ಸಕ್ಕರೆ ಹೂವು. ಕಣ್ಣು ತುಂಬಿ ಬಂತು ನನಗೆ. ಸೊಸೆ ನನಗೆ ಮಾತ್ರ ಹೇಳಿ ಒಂದು ಟ್ಯಾಕ್ಸಿ ಕರೆಸಿದ್ದಳು. ಅವಳು ಸೀರೆ ಬದಲಾಯಿಸಲು ಒಳಗೆ ಹೋಗಿದ್ದಾಗ ಟ್ಯಾಕ್ಸಿ ಗೇಟಿಗೆ ಬಂತು, ಗೇಟಿನಲ್ಲಿ ನಮ್ಮ ಎಂಜಿನಿಯರ್ ನಿಂತಿದ್ದ. "ಮನೇಲಿ ಇಂಥ ಕಾರ್ ಇಟ್ಕೊಂಡು ಬಾಡಿಗೆ ಗಾಡಿನಾ? ನಾಲ್ಕು ಜನ ನೋಡಿದ್ರೆ ಏನಂತಾರೆ?" ಅಂತ ಅದನ್ನು ಕಳಿಸಿಬಿಟ್ಟ. ಸೊಸೆ ಹೊರಗೆ ಬಂದು ಖಾಲಿ ಬೀದಿ ನೋಡಿ ಅಲ್ಲೇ ನಿಂತಳು. ಇನ್ನೊಂದು ಕರೆಸಲು ಹೊತ್ತಿರಲಿಲ್ಲ.

ಬೇರೆ ದಿನವಾಗಿದ್ದರೆ ನಾನು ಕೂಗಾಡುತ್ತಿದ್ದೆ. ಅವತ್ತು ಕೂಗಲಿಲ್ಲ. ಸೀದಾ ಹೋಗಿ ಅವನ ಜೇಬಿಗೆ ಕೈ ಹಾಕಿದೆ. ಅವನ ಶಾಲೆಯ ಜೇಬಿನಿಂದ ಗೋಲಿ, ಮೊಳೆ, ಸತ್ತ ಜೀರುಂಡೆ ಎಲ್ಲ ತೆಗೆದವಳು ನಾನು. ನನಗೆ ಅದು ಹೊಸ ದಾರಿಯೇನಲ್ಲ. ಕೀ ತೆಗೆದು ಸೊಸೆಯ ಕೈಗೆ ಕೊಟ್ಟೆ.

ಸೊಸೆ ಅದನ್ನು ನೋಡಿದಳು, ಅವನನ್ನು ನೋಡಿದಳು. "ರೀ, ನೀವು ಹಿಂದೆ ಕೂತ್ಕೊಳ್ಳಿ. ಕೇಕ್ ನಿಮ್ಮ ತೊಡೆ ಮೇಲೆ. ಬುಷ್ ಪರ್ಫೆಕ್ಟಾಗಿದೆಯಲ್ವಾ, ನಿಮಗೇನೂ ಕಷ್ಟ ಆಗಲ್ಲ" ಅಂದಳು.

ಬೇಡ ಅಂದರೆ ಬುಷ್ ಸರಿ ಇಲ್ಲ ಅಂತ ಒಪ್ಪಿಕೊಂಡ ಹಾಗೆ. ಹೋಗಿ ಕೂತ. ನಾನೂ ಸೊಸೆಯೂ ಸೇರಿ ಆ ಭಾರವನ್ನು ಅವನ ತೊಡೆಯ ಮೇಲೆ ಇಳಿಸಿದೆವು. ನಾನು ಮುಂದೆ ಕೂತು ಕನ್ನಡಿಯನ್ನು ಅವನ ಮುಖ ಕಾಣುವ ಹಾಗೆ ತಿರುಗಿಸಲು ಹೋದೆ. ಸೊಸೆ ನನ್ನ ಕೈಗೆ ಮೆಲ್ಲಗೆ ಹೊಡೆದಳು.

ಮೊದಲ ದಿಣ್ಣೆಗೇ ಹಿಂದಿನಿಂದ "ಅಯ್ಯೋ!" ಅಂತ ಬಂತು. ಎರಡನೆಯದಕ್ಕೆ, "ನಿಧಾನ ಕಣೇ!"

"ಇದಕ್ಕಿಂತ ನಿಧಾನ ಅಂದ್ರೆ ಇಳಿದು ತಳ್ಕೊಂಡು ಹೋಗ್ಬೇಕು" ಅಂದಳು ಸೊಸೆ.

ಹಿಂತಿರುಗಿ ನೋಡಿದೆ. ಪಾದ ಊರಿ, ಸೀಟಿನಿಂದ ಅರ್ಧ ಎದ್ದು, ಕುಕ್ಕರಗಾಲಿನಲ್ಲಿ ತೂಗಾಡುತ್ತಾ ಡಬ್ಬಿಯನ್ನು ತಬ್ಬಿಕೊಂಡಿದ್ದ. ಪ್ರತಿ ಪೆಟ್ಟಿಗೂ ಮೊಣಕಾಲು ಬಾಗಿಸಿ, ತೋಳು ಸಡಿಲಿಸಿ, ಕೇಕ್ ಅಲುಗದಂತೆ ಆ ಪೆಟ್ಟನ್ನು ತಾನು ನುಂಗುತ್ತಿದ್ದ. ಹಣೆಯಿಂದ ಬೆವರು ಡಬ್ಬಿಯ ಮುಚ್ಚಳದ ಮೇಲೆ ತೊಟ್ಟಿಕ್ಕುತ್ತಿತ್ತು. ಜೀವನದಲ್ಲಿ ಮೊದಲ ಸಲ ನನ್ನ ಮಗ ಮೆತ್ತಗಾಗಿದ್ದ. ಮಾಡಿದ್ದುಣ್ಣೋ ಮಹರಾಯ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ನಿಜ ಹೇಳುತ್ತೇನೆ, ಕರುಳು ಚುರ್ ಅನ್ನಲಿಲ್ಲ.

ಹೋಟೆಲಿನಲ್ಲಿ ಡಬ್ಬಿ ತೆಗೆದಾಗ ಬಳ್ಳಿಯ ಒಂದು ಎಲೆ ಉದುರಿತ್ತು, ಅಷ್ಟೇ. ಮ್ಯಾನೇಜರ್ ಸುತ್ತು ಹಾಕಿ ನೋಡಿ, "ಬುಧವಾರ ಎರಡು ಬೇಕು, ಬಂದು ಮಾತಾಡಿ" ಅಂದರು. ಸೊಸೆ ತಲೆಯಾಡಿಸಿದಳು. ಕಣ್ಣು ಒರೆಸಿಕೊಳ್ಳಬಾರದು ಅಂತ ಕೈಗಳನ್ನು ಹಿಂದೆ ಕಟ್ಟಿಕೊಂಡಿದ್ದಳು. ಅಷ್ಟರಲ್ಲಿ ನಮ್ಮ ಎಂಜಿನಿಯರ್ ಸೊಂಟ ನೆಟ್ಟಗಾಗದೆ, ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಬಗ್ಗಿಕೊಂಡು ಬಾಗಿಲಿಗೆ ಬಂದ.

"ಇವರು ಯಾರು?" ಅಂತ ಮ್ಯಾನೇಜರ್ ಕೇಳಿದರು.

"ಕೇಕ್ ಹಿಡ್ಕೊಳ್ಳೋರು" ಅಂದಳು ಸೊಸೆ.

ಮಾರನೆಯ ದಿನ ಯಾರೂ ಹೇಳದೆಯೇ ಅವನು ಮೆಕ್ಯಾನಿಕ್ಕಿನ ಹತ್ತಿರ ಹೋಗಿ ರಬ್ಬರಿನ ಬುಷ್ ಹಾಕಿಸಿಕೊಂಡು ಬಂದ. ಕೆಂಪು ಬುಷ್ಷುಗಳಲ್ಲಿ ಒಂದು ಈಗ ನನ್ನ ಬಾಗಿಲು ಬಡಿಯದ ಹಾಗೆ ಅಡ್ಡ ಇದೆ. ಆ ಸ್ಪ್ರಿಂಗಿನ ಬಾಗಿಲಿಗೆ ಅದೇ ಸರಿ, ನನ್ನ ಅಣ್ಣನೂ ಒಳಗೆ ಬಂದು ಕೂರುತ್ತಿದ್ದಾನೆ.

ಹಾಗಂತ ಇವನು ಬುದ್ಧಿ ಕಲಿತ ಅಂದುಕೊಳ್ಳಬೇಡಿ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಮೊನ್ನೆ ಗೇಟಿನಲ್ಲಿ ನಿಂತು ಮೇಲಿನ ಮನೆಯವರಿಗೆ ಪಾಠ ಹೇಳುತ್ತಿದ್ದ: "ಪಾಲಿಯೂರಿಥೇನ್ ಎಲ್ಲಾ ರೇಸಿಗೆ ಸರಿ. ಸಂಸಾರಸ್ಥರ ಕಾರಿಗೆ ರಬ್ಬರೇ ಬೇಕು. ನಾನು ಮೊದಲಿಂದ್ಲೂ ಇದನ್ನೇ ಹೇಳ್ತಿದ್ದೆ."

ಸೊಸೆ ಕಾರಿನ ಕೀ ಬೆರಳಿಗೆ ಸಿಕ್ಕಿಸಿಕೊಂಡು ಹೊರಗೆ ಬಂದಳು. "ರೀ, ಕೇಕ್ ರೆಡಿ" ಅಂದಳು.

ಅವನು ಮಾತನ್ನು ಅರ್ಧಕ್ಕೇ ಬಿಟ್ಟು, ಹೋಗಿ ಹಿಂದಿನ ಸೀಟಿನಲ್ಲಿ ಕೂತು ತೊಡೆ ಒಡ್ಡಿದ.