ಸೋಮವಾರದ ಮೂರು ಸೊನ್ನೆಗಳು

ನಮ್ಮ ಹೈಸ್ಕೂಲಿಗೆ ಲ್ಯಾಪ್‌ಟಾಪ್ ಬಂದ ವರ್ಷ, ಗಣಿತದ ಮೇಡಂ ಆಗಿದ್ದ ನಾನು ಲ್ಯಾಪ್‌ಟಾಪ್ ಮೇಡಂ ಆದೆ. ಕೇಳಿ ಪಡೆದ ಪದವಿಯಲ್ಲ. ಇದರ ಉಸ್ತುವಾರಿ ಯಾರಿಗೆ ಕೊಡಲಿ ಎಂದು ಹೆಡ್‌ಮಾಸ್ತರು ಸ್ಟಾಫ್‌ರೂಮಿನಲ್ಲಿ ಕಣ್ಣಾಡಿಸಿದಾಗ ಉಳಿದವರೆಲ್ಲ ಸರಿಯಾಗಿ ಅದೇ ಹೊತ್ತಿಗೆ ಉತ್ತರ ಪತ್ರಿಕೆ ತಿದ್ದಲು ಶುರು ಮಾಡಿದ್ದರು. ನಾನೊಬ್ಬಳು ತಲೆ ಎತ್ತಿ ಕೂತಿದ್ದೆ.

ಕೊಟ್ಟವರು ಒಂದು ಕಂಪನಿಯವರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಕೆಲವು ಶಾಲೆಗಳನ್ನು ಆರಿಸಿ, ಹತ್ತನೇ ತರಗತಿಯ ಪ್ರತಿ ಮಗುವಿಗೂ ಒಂದೊಂದು ಲ್ಯಾಪ್‌ಟಾಪ್. ಮನೆಗೇ ಒಯ್ಯಬಹುದು. ಜೊತೆಗೊಂದು ನಿಯಮದ ಹಾಳೆ. ಪ್ರತಿ ಸೋಮವಾರ ಸಂಜೆ ಆರರಿಂದ ಎಂಟರೊಳಗೆ ಲ್ಯಾಪ್‌ಟಾಪಿನಲ್ಲೇ ಒಂದು ಪರೀಕ್ಷೆ. ವರ್ಷದ ಕೊನೆಗೆ ಎಲ್ಲ ಸೋಮವಾರಗಳ ಅಂಕ ಕೂಡಿಸಿ, ಮೇಲೆ ಬಂದವರಿಗೆ ಕಂಪನಿಯೇ ಹಾಸ್ಟೆಲ್ ಸಮೇತ ಪಿಯುಸಿ ಸೈನ್ಸ್ ಓದಿಸುತ್ತದೆ. ಸತತ ಮೂರು ಪರೀಕ್ಷೆ ತಪ್ಪಿಸಿದವರ ಲ್ಯಾಪ್‌ಟಾಪ್ ವಾಪಸ್. ಹಾಳೆಯನ್ನು ಒಮ್ಮೆ ಓದಿ, ಎಲ್ಲರಿಗೂ ಕಾಣಲಿ ಎಂದು ಸ್ಟಾಫ್‌ರೂಮಿನ ಗೋಡೆಗೆ ಗೋಂದು ಹಚ್ಚಿ ಅಂಟಿಸಿದೆ. ನಾಲ್ಕು ಮೂಲೆಗೂ ಚೆನ್ನಾಗಿ ಒತ್ತಿ ಅಂಟಿಸಿದೆ. ಮಾಡಿದ ಕೆಲಸ ಗಟ್ಟಿ ಇರಬೇಕು ಎನ್ನುವ ಜಾತಿ ನಾನು.

ನಮ್ಮ ಶಾಲೆ ಇರುವುದು ತಂಬ್ರಹಳ್ಳಿಯ ಆಚೆಗೆ, ಒಂದು ಸಣ್ಣ ಊರಲ್ಲಿ. ನನ್ನ ಮನೆ ಹಗರಿಬೊಮ್ಮನಹಳ್ಳಿಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಆ ವರ್ಷದ ಹತ್ತನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ನಾನು ಲೆಕ್ಕವನ್ನು ಬೋರ್ಡಿನ ಮೇಲೆ ಅರ್ಧ ಬರೆಯುವಷ್ಟರಲ್ಲಿ ಉತ್ತರ ಅವಳ ಬಾಯಲ್ಲಿರುತ್ತಿತ್ತು. ಉಳಿದವರಿಗೂ ಬಿಡು ಮಾರಾಯ್ತಿ ಎಂದು ಎಷ್ಟೋ ಸಲ ಬೈದಿದ್ದೇನೆ. ಸೈನ್ಸ್ ಓದಬೇಕು ಎಂಬುದು ಅವಳ ಒಂದೇ ಹಟ. ಮನೆಯ ಮಾತು ಅಜ್ಜನದು. ಹಗರಿಬೊಮ್ಮನಹಳ್ಳಿ ಕಾಲೇಜಿಗೆ ಸೇರಿದರೆ ಸೈನ್ಸಿನವರ ಕ್ಲಾಸು ಸಂಜೆಯವರೆಗೂ ನಡೆಯುತ್ತದೆ, ಅಷ್ಟು ಹೊತ್ತಿನ ಮೇಲೆ ಹುಡುಗಿ ಒಬ್ಬಳೇ ಬಸ್ಸಿನಲ್ಲಿ ಬರುವುದು ಬೇಡ, ಆರ್ಟ್ಸ್ ಆದರೆ ಮಧ್ಯಾಹ್ನವೇ ಮನೆ ಸೇರಬಹುದು ಎಂದು ಅವರು ಮೊದಲೇ ಹೇಳಿಬಿಟ್ಟಿದ್ದರು. ಹಾಸ್ಟೆಲ್ಲಾದರೆ ಅವರದೇನೂ ತಕರಾರಿರಲಿಲ್ಲ. ಹಾಗಾಗಿ ಕಂಪನಿಯ ಆ ಹಾಸ್ಟೆಲ್ ಸೀಟು ಅವಳ ಪಾಲಿಗೆ ಸೈನ್ಸಿಗೆ ಇದ್ದ ಒಂದೇ ಬಾಗಿಲು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಸೀಟು ನಿನ್ನದೇ ಕಣೇ ಎಂದು ನಾನೇ ಅವಳಿಗೆ ಹೇಳಿದ್ದೆ.

ಮೊದಲ ಸೋಮವಾರ ಕಂಪನಿ ಕಳಿಸಿದ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಸೊನ್ನೆ. ಎರಡನೆಯದಕ್ಕೂ ಸೊನ್ನೆ. ಮೂರನೆಯದಕ್ಕೂ. ಉಳಿದ ದಿನಗಳಲ್ಲಿ ಲ್ಯಾಪ್‌ಟಾಪ್ ತೆರೆದು ಪಾಠ ನೋಡಿದ ಲೆಕ್ಕ ಗಂಟೆಗಟ್ಟಲೆ ತೋರಿಸುತ್ತಿತ್ತು. ಸೋಮವಾರ ಮಾತ್ರ ಒಂದು ನಿಮಿಷವೂ ಇಲ್ಲ. ನನಗೆ ರೇಗಿತು. ಬುದ್ಧಿ ಇದ್ದವರು ಬೇಜವಾಬ್ದಾರಿ ಮಾಡಿದರೆ ನನಗೆ ಬುದ್ಧಿ ಇಲ್ಲದವರ ಮೇಲಿಗಿಂತ ಹೆಚ್ಚು ಸಿಟ್ಟು ಬರುತ್ತದೆ.

ಮಂಗಳವಾರ ಬೆಳಿಗ್ಗೆ ತರಗತಿಯಲ್ಲಿ ನಿಲ್ಲಿಸಿ ಕೇಳಿದೆ. ಕೇಳಿದೆ ಎನ್ನುವುದಕ್ಕಿಂತ ಹರಿಹಾಯ್ದೆ ಎನ್ನಬೇಕು.

"ಸೋಮಾರ ತೆಗಿಯಂಗಿಲ್ರಿ ಮೇಡಂ," ಎಂದಳು, ಅಷ್ಟೇ.

"ಓಹೋ, ಸೋಮಾರ ಮಹಾರಾಣಿಯವರಿಗೆ ರಜಾನಾ? ಯಾವ ಸೀರಿಯಲ್ ಇರ್ತೈತಿ ಅವತ್ತು?" ಎಂದೆ.

ತರಗತಿ ನಕ್ಕಿತು. ಅವಳು ತಲೆ ತಗ್ಗಿಸಿದಳು. ಹೋಗಿ ಲ್ಯಾಪ್‌ಟಾಪ್ ತಗೊಂಡು ಬಾ ಎಂದೆ. ಮನೆಗೆ ಹೋಗಿ ತಂದು, ಚಾರ್ಜರಿನ ವೈರನ್ನು ನೀಟಾಗಿ ಸುತ್ತಿ ನನ್ನ ಮೇಜಿನ ಮೇಲಿಟ್ಟಳು. ಮುಚ್ಚಳದ ಮೇಲೆ ವಿಭೂತಿಯ ಮೂರು ಗೆರೆ ಇದ್ದವು. ಅದನ್ನು ನೋಡಿಯೂ ನನಗೇನೂ ಹೊಳೆಯಲಿಲ್ಲ. ಕಂಪನಿಯ ಸಾಮಾನು ಹೊಲಸು ಮಾಡಿದ್ದಾಳೆ ಎಂದುಕೊಂಡು ಒರೆಸಿಟ್ಟೆ.

ಗುರುವಾರ ಅಜ್ಜ ಶಾಲೆಗೆ ಬಂದರು. ಹೆಗಲ ಮೇಲೆ ಟವೆಲ್, ಹಣೆ ತುಂಬ ವಿಭೂತಿ. ಸ್ಟಾಫ್‌ರೂಮಿನ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕೂರಿ ಎಂದರೂ ಕೂರದೆ ನಿಂತು ಮಾತಾಡಿದರು.

"ತಪ್ಪು ಹುಡುಗಿದಲ್ರಿ ಮೇಡಮ್ಮಾರ, ನಂದು. ನಮ್ಮನ್ಯಾಗ ಸೋಮಾರ ದುಡಿಯೋದನ್ನ ದುಡಿಸಂಗಿಲ್ರಿ. ಎತ್ತು ಹೂಡಂಗಿಲ್ಲ, ನೇಗಿಲು ಕುಂಟಿ ಮುಟ್ಟಂಗಿಲ್ಲ."

"ಲ್ಯಾಪ್‌ಟಾಪ್ ಎತ್ತಲ್ಲಲ್ರಿ ಅಜ್ಜಾರ."

"ಎತ್ತಲ್ಲ ಖರೆ. ಇದು ದುಡಿತೈತೋ ಇಲ್ಲ ಬರೇ ನೋಡಾಕ ಐತೋ ಅಂತ ನಾನ ಕೇಳಿದ್ನಿರಿ. ಎಲ್ಲಾ ಲೆಕ್ಕ ಇದೇ ಮಾಡ್ತೈತಿ ಅಂದ್ಲು. ರಾತ್ರಿ ಮುಟ್ಟಿ ನೋಡಿದ್ರ ಮೈ ಬಿಸಿ. ಒಂದು ಕಡಿಯಿಂದ ಉಸ್ ಉಸ್ ಅಂತ ಉಸಿರು ಬಿಡ್ತಿತ್ತು. ಆರು ದಿನ ದುಡಿತೈತಿ, ಒಂದಿನ ಕುಂದ್ರಲಿ ಅಂದೆ. ಮಂಗಳಾರ ಮಾಡಿದ್ರಾತು, ಪರೀಕ್ಷೆ ಎಲ್ಲಿಗೆ ಹೋಕ್ಕೈತಿ ಅಂತ ತಿಳಕೊಂಡಿದ್ದೆ."

ಟಿವಿಯನ್ನು ಸೋಮವಾರವೂ ಹಾಕುತ್ತಾರಂತೆ. ಅದು ದುಡಿಯುವುದಿಲ್ಲ, ಬರೀ ನೋಡಲಿಕ್ಕಿರುವುದು. ಪಕ್ಕದಲ್ಲಿ ಕೂತಿದ್ದ ಸಮಾಜ ವಿಜ್ಞಾನದ ಮಾಸ್ತರು ನಗು ತಡೆಯಲಾರದೆ ಎದ್ದು ಹೊರಗೆ ಹೋದರು. ನನಗೆ ನಗು ಬರಲಿಲ್ಲ. ನನ್ನ ತವರು ಹರಪನಹಳ್ಳಿ ಕಡೆಯ ಒಕ್ಕಲು ಮನೆ. ಸೋಮವಾರ ಬಸವಣ್ಣನ ವಾರವೆಂದು ನಮ್ಮ ಅಪ್ಪನೂ ಎತ್ತಿನ ಹೆಗಲಿಗೆ ನೊಗ ಇಟ್ಟವರಲ್ಲ. ಅವತ್ತು ಎತ್ತಿನ ಮೈ ತೊಳೆಯುವುದು ನನ್ನ ಪಾಲಿನ ಕೆಲಸವಾಗಿತ್ತು. ಸೋಮಾರ ತೆಗಿಯಂಗಿಲ್ರಿ ಎಂಬ ಮಾತು ಈ ಜಿಲ್ಲೆಯಲ್ಲಿ ಯಾರಿಗಾದರೂ ಅರ್ಥವಾಗಬೇಕಿದ್ದರೆ ಮೊದಲು ನನಗೆ ಆಗಬೇಕಿತ್ತು. ಆಗಲಿಲ್ಲ. ನಾನು ಸೀರಿಯಲ್ ಹೆಸರು ಕೇಳಿದೆ.

ಆದರೂ ಬಾಯಲ್ಲಿ ಬಂದದ್ದು, "ನಿಯಮ ನಿಯಮಾನ ಅಜ್ಜಾರ, ನನ್ನ ಕೈಯಾಗ ಏನೂ ಇಲ್ಲ," ಎಂಬುದೇ. ಅವರು, "ಇನ್ನ ಮ್ಯಾಲೆ ಆಕಿ ಸೋಮಾರನೂ ತೆಗೀಲಿರಿ. ನಾ ಅಡ್ಡ ಬರಂಗಿಲ್ಲ," ಎಂದು ಕೈಮುಗಿದರು. ಕಂಪನಿಗೆ ಇನ್ನೂ ತಿಳಿಸಿರಲಿಲ್ಲವಾದ್ದರಿಂದ, ಒಂದು ವಾರ ಕಾಯಿಸಿ ನಾನೇ ಲ್ಯಾಪ್‌ಟಾಪ್ ವಾಪಸ್ ಕೊಟ್ಟೆ. ತಕ್ಷಣ ಕೊಟ್ಟರೆ ನನ್ನ ಮಾತಿಗೆ ಬೆಲೆ ಇರುವುದಿಲ್ಲ ಎನಿಸಿತ್ತು. ಆ ವಾರದ ಪರೀಕ್ಷೆಯೂ ಹೋಯಿತು.

ಮುಂದೆ ಅವಳು ಒಂದು ಸೋಮವಾರವನ್ನೂ ತಪ್ಪಿಸಲಿಲ್ಲ. ಐದೂ ತಾಲ್ಲೂಕಿನ ಪಟ್ಟಿಯಲ್ಲಿ ವಾರವಾರವೂ ಅವಳ ಹೆಸರು ಮೇಲಿನ ಸಾಲುಗಳಲ್ಲೇ ಇರುತ್ತಿತ್ತು. ಮೇ ತಿಂಗಳಲ್ಲಿ ಸೀಟಿನ ಪಟ್ಟಿ ಬಂತು. ಅದರಲ್ಲಿ ಅವಳಿರಲಿಲ್ಲ. ಕೊನೆಯ ಸೀಟು ಪಡೆದವರಿಗೂ ಅವಳಿಗೂ ಇದ್ದ ಅಂತರ ಒಂದು ಪರೀಕ್ಷೆಯ ಅಂಕದಷ್ಟೂ ಇರಲಿಲ್ಲ.

ಕಂಪನಿಯವರಿಗೆ ಫೋನ್ ಮಾಡಿದೆ. ಜಗಳ ಆಡಲೆಂದೇ ಮಾಡಿದ್ದು. ಹೀಗೆ ಹೀಗೆ, ಮನೆಯ ಪದ್ಧತಿ, ಮಗುವಿನ ತಪ್ಪಿಲ್ಲ ಎಂದೆಲ್ಲ ವಾದಿಸಿದೆ. ಆ ಕಡೆಯ ಹುಡುಗ ತಾಳ್ಮೆಯಿಂದ ಕೇಳಿ, "ಅದಕ್ಕೇ ಅಲ್ವಾ ಮೇಡಂ ಮರುಪರೀಕ್ಷೆ ಇಟ್ಟಿದ್ದು? ಪರೀಕ್ಷೆ ತಪ್ಪಿದ ಏಳು ದಿನದೊಳಗೆ ಟೀಚರ್ ಕಾರಣ ಬರೆದು ಕಳಿಸಿದ್ರೆ ಸಾಕಿತ್ತು. ಹಾಳೆ ಹಿಂದಿನ ಪುಟದಲ್ಲಿದೆ ನೋಡಿ," ಎಂದ.

ಹಿಂದಿನ ಪುಟವನ್ನು ನಾನು ಗೋಡೆಗೆ ಅಂಟಿಸಿದ್ದೆ.

ಇದನ್ನು ಯಾರಿಗೂ ಹೇಳಲಿಲ್ಲ. ರಜೆ ಇತ್ತು ಎಂಬ ನೆಪವಿತ್ತು. ನಿಜ ಏನೆಂದರೆ ನನಗೆ ನಾಚಿಕೆಯಾಗಿತ್ತು, ಹೆದರಿಕೆಯೂ ಆಗಿತ್ತು. ಹೇಗೂ ಅಜ್ಜ ತಪ್ಪೆಲ್ಲ ತಮ್ಮದೆಂದು ಒಪ್ಪಿಕೊಂಡಿದ್ದರು. ಅದು ಹಾಗೇ ಇರಲಿ ಎಂದು ಒಂದು ತಿಂಗಳು ಬಿಟ್ಟುಬಿಟ್ಟೆ.

ಶಾಲೆ ಮತ್ತೆ ಶುರುವಾದ ಮೇಲೆ ಒಂದು ಬೆಳಿಗ್ಗೆ ಬಸ್ಸಿನ ಕಿಟಕಿಯಲ್ಲಿ ಅವರ ಹೊಲ ಕಂಡಿತು. ಅಜ್ಜ ಎತ್ತು ಹೂಡಿ ಹೊಲ ಹರಗುತ್ತಿದ್ದರು. ಸುತ್ತಲಿನ ಹೊಲಗಳೆಲ್ಲ ಖಾಲಿ. ಅವತ್ತು ಸೋಮವಾರ.

ಊರು ಇನ್ನೂ ಮುಂದಿತ್ತು. ಕಂಡಕ್ಟರಿಗೆ ಹೇಳಿ ಅಲ್ಲೇ ಇಳಿದೆ. ಸೀರೆ ಎತ್ತಿ ಹಿಡಿದು ಮಣ್ಣಿನ ಹೆಂಟೆಗಳ ಮೇಲೆ ನಡೆದು ಹೋದೆ. ಅವರು ಎತ್ತು ನಿಲ್ಲಿಸಿದರು.

"ಇದೇನ್ರಿ ಅಜ್ಜಾರ, ಸೋಮಾರ?"

"ಮೊಮ್ಮಗಳ ದಾರಿಗೆ ಅಡ್ಡ ಬಂದ ಸೋಮಾರ ಇನ್ನ ನನಗ್ಯಾಕ ಬೇಕ್ರಿ ಮೇಡಮ್ಮಾರ," ಎಂದರು. ದನಿ ಏರಿರಲಿಲ್ಲ.

ಆಗ ಹೇಳಿದೆ. ಹಾಳೆ, ಹಿಂದಿನ ಪುಟ, ಏಳು ದಿನ, ಎಲ್ಲ. ಬೈಯುತ್ತಾರೆಂದು ಕಾದೆ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ಇದನ್ನ ಆಕಿಗೆ ಹೇಳೀರೇನ್ರಿ?"

"ಇಲ್ರಿ."

"ಆಕಿಗೆ ಹೋಗಿ ಹೇಳ್ರಿ. ಪಟ್ಟಿ ಬಂದಾಗಿಂದ ಆಕಿ ನನ್ನ ಕೂಡ ಮಾತು ಬಿಟ್ಟಾಳ."

ಮನೆಯ ಅಂಗಳದಲ್ಲಿ ಅವಳು ಬಟ್ಟೆ ಹಿಂಡಿ ಹರವುತ್ತಿದ್ದಳು. ನಿಂತೇ ಹೇಳಿದೆ. ಅಜ್ಜನಿಗೆ ಹೇಳುವಾಗ ಸರಾಗವಾಗಿ ಬಂದ ಮಾತು ಅಲ್ಲಿ ತಡವರಿಸಿತು. ಕೈಯಲ್ಲಿದ್ದ ಒದ್ದೆ ಟವೆಲ್ಲನ್ನು ಹಾಗೇ ಹಿಡಿದುಕೊಂಡು ಕೇಳಿದಳು.

"ಅಜ್ಜ ಸಾಲಿಗೆ ಬಂದಿದ್ದು ಗುರುವಾರ ಅಲ್ರಿ? ಮೂರನೇ ಪರೀಕ್ಷೆ ಆಗಿ ಮೂರ ದಿನ ಆಗಿತ್ತು. ಇನ್ನ ನಾಕು ದಿನ ಇತ್ತಲ್ರಿ ಮೇಡಂ?"

"ಇತ್ತು," ಎಂದೆ.

ಅದೊಂದು ಪರೀಕ್ಷೆ ಸಾಕಿತ್ತು. ಅವಳು ಟವೆಲ್ಲನ್ನು ತಂತಿಯ ಮೇಲೆ ಹಾಕಿ, ನನ್ನನ್ನು ಅಲ್ಲೇ ಬಿಟ್ಟು ಹೊಲದ ದಾರಿ ಹಿಡಿದಳು. ದೂರದಿಂದ "ಅಜ್ಜಾ, ಎತ್ತು ಬಿಡು," ಎಂದು ಕೂಗಿದ್ದು ಕೇಳಿಸಿತು.

ಅವಳು ಹಗರಿಬೊಮ್ಮನಹಳ್ಳಿಯಲ್ಲಿ ಆರ್ಟ್ಸ್ ಸೇರಿದಳು. ಬೆಳಿಗ್ಗೆ ನಾನು ಇಳಿಯುವ ಬಸ್ಸೇ ತಿರುಗಿ ಹಗರಿಬೊಮ್ಮನಹಳ್ಳಿಗೆ ಹೋಗುವುದರಿಂದ ಅವಳು ಅದನ್ನೇ ಹತ್ತುತ್ತಾಳೆ. ಕೆಲವು ದಿನ ಅಜ್ಜ ಜೊತೆಗೆ ಬಂದಿರುತ್ತಾರೆ. ಇಬ್ಬರೂ ಏನೋ ಮಾತಾಡಿಕೊಂಡು ನಗುತ್ತಿರುತ್ತಾರೆ. ಅಜ್ಜ ನನ್ನನ್ನು ಕಂಡರೆ ನಮಸ್ಕಾರ ಮಾಡುತ್ತಾರೆ. ಅವಳು ನಾನು ಇಳಿಯಲು ದಾರಿ ಬಿಟ್ಟು, ಬೇರೆ ಕಡೆ ನೋಡುತ್ತ ನಿಲ್ಲುತ್ತಾಳೆ.