ಔರಾದಕ್ಕೆ ಒಯ್ದ ಪ್ಯಾಕೇಜುಗಳು

ಮಳೆ ಕೈಕೊಟ್ಟ ವರ್ಷ ಅದು. ಔರಾದದಲ್ಲಿ ನಾನು ಕಲಿಸುತ್ತಿದ್ದ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಇಂಟರ್ನೆಟ್ ಇರಲಿಲ್ಲ. ಬೀದರಿನ ಮುಖ್ಯ ಕೇಂದ್ರಕ್ಕೆ ಹೋಗಿ, ಬೇಕಾದ ಸಾಫ್ಟ್‌ವೇರ್ ಪ್ಯಾಕೇಜುಗಳನ್ನೆಲ್ಲ ತಾನಾಗಿಯೇ ಇಳಿಸಿಕೊಳ್ಳುವ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಮ್ ಬರೆದು ಓಡಿಸಿದೆ. ಅರ್ಧ ಇಳಿದಿತ್ತು. ಅಲ್ಲಿನ ಮೇಲ್ವಿಚಾರಕ ಬಂದು ಇಂಟರ್ನೆಟ್ ಕೇಬಲ್ ಕಿತ್ತ.

"ಯಾರಿಗಿ ಕೇಳಿ ಹಚ್ಚೀರಿ? ನಿಮ್ಮ ಊರಾಗ ಕಲಿಯೋರು ಯಾರದಾರ್ರಿ? ಎಲ್ಲಾರೂ ಪುಣಾಕ ದುಡಿಲಾಕ ಹೋಗ್ಯಾರಲ್ಲ!"

"ನಾಕು ಹುಡುಗ್ಯಾರು ಉಳದಾರ್ರಿ. ನನಗ ಅಷ್ಟೇ ಸಾಕು," ಎಂದೆ.

ಅವನ ಎದುರೇ ಕೇಬಲ್ ಚುಚ್ಚಿ ಸ್ಕ್ರಿಪ್ಟನ್ನು ಮತ್ತೆ ಓಡಿಸಿದೆ. ಇಳಿದದ್ದನ್ನು ಬಿಟ್ಟು ಮುಂದಿನದನ್ನು ಹಿಡಿಯುವಂತೆ ಬರೆದಿದ್ದೆ. ಅವನು ಮೇಲಿನವರಿಗೆ ದೂರು ಬರೆಯುತ್ತ ಕುಳಿತ. ಕೆಲಸ ಮುಗಿಯುವವರೆಗೆ ನಾನು ಕುರ್ಚಿ ಬಿಡಲಿಲ್ಲ.

ಇಳಿಸಿದ್ದನ್ನೆಲ್ಲ ಪೆನ್‌ಡ್ರೈವಿನಲ್ಲಿ ಒಯ್ದು, ಮರುದಿನ ಔರಾದದಲ್ಲಿ ಎಲ್ಲ ಕಂಪ್ಯೂಟರಿಗೂ ಹಾಕಿದೆ. ವಾರದಲ್ಲೇ ನೋಟಿಸು ಬಂತು. ಉತ್ತರ ಬರೆದೆ, ಕ್ಷಮೆ ಕೇಳಲಿಲ್ಲ. ಆ ಮನುಷ್ಯನನ್ನು ಇವತ್ತಿಗೂ ಮಾತಾಡಿಸಿಲ್ಲ.